ಕೊನೆಗೆ ಅಂಗಿ ತೊಟ್ಟವನು

ಆ ಸೀಮೆಯ ಊರುಗಳಿಗೆ ಗಡಿಕಲ್ಲು ಇರಲಿಲ್ಲ. ಊರ ನಡುವೆ ಒಂದು ಕಂಬ, ಕಂಬದ ತುದಿಗೆ ಒಂದು ಕಬ್ಬಿಣದ ಬಳೆ. ಎಲ್ಲಿ ನಿಂತರೆ ಆ ಬಳೆ ಕಾಣುತ್ತದೋ ಅಲ್ಲಿಯವರೆಗೆ ಆ ಊರು. ಯಾವ ಬಳೆಯೂ ಕಾಣದ ಬಯಲು ಯಾರದೂ ಅಲ್ಲ. ಅಲ್ಲಿ ಬಿದ್ದವನನ್ನು ಎತ್ತುವವರಿಲ್ಲ, ಸತ್ತವನನ್ನು ಹೂಳುವವರಿಲ್ಲ.

ವರ್ಷಕ್ಕೊಮ್ಮೆ ಒಂದು ಊರು ಇನ್ನೊಂದರೊಡನೆ ಆಡಬೇಕು. ಈ ಕಡೆ ಐವರು, ಆ ಕಡೆ ಐವರು, ನಡುವೆ ತೊಗಲಿನ ಒಂದು ಚೆಂಡು. ಬೆಳಗಿನ ಬಿಸಿಲು ಕಂಬಕ್ಕೆ ತಾಗಿದಾಗ ಆಟ ಶುರು. ಬಳೆಯ ನೆರಳು ಕಂಬದ ಬುಡಕ್ಕೆ ಬಂದು ಕೂತಾಗ ಮುಗಿಯಿತು. ಚೆಂಡನ್ನು ಬಳೆಯೊಳಗೆ ಹೆಚ್ಚು ಸಲ ಇಳಿಸಿದವರು ಗೆದ್ದರು. ಸೋತ ಊರು ಗೆದ್ದ ಊರಿಗೆ ಒಬ್ಬ ಆಟಗಾರನನ್ನು ಕೊಡಬೇಕು. ಯಾರನ್ನು ಎಂಬ ಚರ್ಚೆಯೇ ಇಲ್ಲ. ಆ ಊರಿನ ಅಂಗಿಯನ್ನು ಎಲ್ಲರಿಗಿಂತ ಕೊನೆಗೆ ತೊಟ್ಟವನು ಯಾರೋ, ಅವನನ್ನು.

ಕೊಟ್ಟವನನ್ನು ಗೆದ್ದ ಊರು ಹಾಗೆಯೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವನನ್ನು ತಮ್ಮ ಬಳೆಯ ಕೆಳಗೆ ನಿಲ್ಲಿಸುತ್ತಾರೆ. ಮೈಮೇಲಿನ ಹಳೆಯ ಊರಿನ ಅಂಗಿಯನ್ನು ಬೆನ್ನಿನ ಕಡೆಯಿಂದ ತಲೆಯ ಮೇಲೆ ಎಳೆದು, ಅದರದೇ ತೋಳುಗಳಿಂದ ಕುತ್ತಿಗೆಗೆ ಬಿಗಿಯುತ್ತಾರೆ. ಅದೇ ಮುಸುಕು. ಆಮೇಲೆ ಮನೆಗೊಂದು ಏಟು. ಮೊದಲ ಏಟು ಮೈಯ ಯಾವ ಜಾಗಕ್ಕೆ ಬೀಳುತ್ತದೋ, ಉಳಿದ ಎಲ್ಲ ಮನೆಗಳ ಏಟೂ ಅದೇ ಜಾಗಕ್ಕೆ ಬೀಳಬೇಕು. ಕೊನೆಯ ಮನೆಯ ಏಟು ಬಿದ್ದ ಮೇಲೆ ಮುಸುಕು ಬಿಚ್ಚಿ ಸುಡುತ್ತಾರೆ, ಹೊಸ ಅಂಗಿ ತೊಡಿಸುತ್ತಾರೆ. 'ನಮ್ಮವನು, ನಮ್ಮವನು' ಎಂದು ಊರೆಲ್ಲ ಕೂಗುತ್ತದೆ. ಹೊಡೆದ ಕೈಗಳೇ ನೀರು ತಂದು ರಕ್ತ ತೊಳೆಯುತ್ತವೆ.

ಮುಸುಕು ಯಾಕೆ ಎಂದು ಕೇಳಿದರೆ ಹಿರಿಯರು ಹೇಳುತ್ತಿದ್ದರು: ಹೊಡೆದವನು ಯಾರೆಂದು ಗೊತ್ತಾದರೆ ಅವನಿಗೆ ಚೆಂಡು ಕೊಡುವುದಕ್ಕೆ ಕೈ ಬರುವುದಿಲ್ಲ. ಒಬ್ಬರಿಗೊಬ್ಬರು ಚೆಂಡು ಕೊಡದಿದ್ದರೆ ಊರು ಎಲ್ಲಿ ಉಳಿಯುತ್ತದೆ?

ಬಂದವನು ಹೀಗೆ ಹನ್ನೊಂದು ಮುಸುಕು ಕಂಡಿದ್ದ. ಅವನಿಗೊಂದು ಹೆಸರಿತ್ತು, ಹುಟ್ಟಿದ ಊರಿನಲ್ಲೇ ಅದು ಉಳಿಯಿತು. ಆಮೇಲಿನ ಊರುಗಳಿಗೆಲ್ಲ ಅವನು 'ಬಂದವನು', ಅಷ್ಟೇ. ಅಲ್ಲಿ ಮೊದಲ ಸಲ ಅಂಗಿ ತೊಟ್ಟ ವರ್ಷವೇ ಊರು ಸೋತಿತು, ಅವನನ್ನು ಕೊಟ್ಟರು. ಗೆದ್ದವರ ಪಾಲಿಗೆ ಹೋದ. ಮರುವರ್ಷ ಆ ಊರು ಸೋತಿತು. ಮತ್ತೆ ಕೊಟ್ಟರು. ಬಂದವನು ಬಂದಲ್ಲಿಗೆ ಸೋಲೂ ಬಂತು. ಅವನೇನು ಕೆಟ್ಟ ಆಟಗಾರನಲ್ಲ. ಎರಡು ಕೈ ಅಡ್ಡ ಇದ್ದರೂ ಚೆಂಡನ್ನು ಬಳೆಯ ಅಂಚು ಸೋಕದಂತೆ ಇಳಿಸಬಲ್ಲ. ಆದರೆ ಹೊಸಬನಿಗೆ ಊರಿನ ಆಟ ಕೈಗೆ ಹತ್ತುವುದರೊಳಗೆ, ಮುರಿದದ್ದು ಕೂಡುವುದರೊಳಗೆ, ವರ್ಷ ಮುಗಿದಿರುತ್ತಿತ್ತು.

ಸುಣ್ಣದ ಊರಿನಲ್ಲಿ ಎಡ ಮೊಣಕಾಲು ಹೋಯಿತು. ಗಾಣದ ಊರಿನಲ್ಲಿ ಪಕ್ಕೆಲುಬು. ಅಂದಿನಿಂದ ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಮಡಕೆಯ ಊರಿನಲ್ಲಿ ಸೊಂಟದ ಹಿಂದೆ ಹೊಡೆದರು, ಎರಡು ತಿಂಗಳು ಉಚ್ಚೆಯಲ್ಲಿ ರಕ್ತ ಬಂತು. ಏಳನೆಯದಾದ ಹಗ್ಗದ ಊರಿನಲ್ಲಿ ಬಲ ದವಡೆ. ಅದು ನಲವತ್ತು ಮನೆಗಳ ಊರು. ನಲವತ್ತು ಏಟು ಮುಗಿದಾಗ ಮುಸುಕಿನೊಳಗೆ ಅವನ ನಾಲಿಗೆಯ ಮೇಲೆ ಆರು ಹಲ್ಲುಗಳಿದ್ದವು. ಅಂದಿನಿಂದ ಅವನು ಏನನ್ನೂ ಅಗಿದಿಲ್ಲ.

ಆದರೂ ಹಗ್ಗದ ಊರನ್ನು ಅವನು ಮರೆಯಲಿಲ್ಲ. ಅಲ್ಲಿ ಎಡಚ ಇದ್ದ. ಎಡಗೈಯಲ್ಲಿ ಚೆಂಡು ಎಸೆಯುತ್ತಿದ್ದ, ಮಾತಿಗೊಮ್ಮೆ ನಗುತ್ತಿದ್ದ ಆಟಗಾರ. ಬಂದವನ ಬಾಯಿ ತೆರೆಯದ ದಿನಗಳಲ್ಲಿ ಎಡಚ ದಿನವೂ ಬಂದು ಅನ್ನವನ್ನು ಗಂಜಿಯಂತೆ ಕಿವುಚಿ, ತುಟಿಯ ಸಂದಿಯಲ್ಲಿ ಬೆರಳಿನಿಂದ ಬಿಡುತ್ತಿದ್ದ. 'ನುಂಗೋ ರಾಜ. ಅತ್ತೆ ಮನೆಗೆ ಬಂದಿದ್ದೀಯ, ನಾಚಿಕೊಳ್ಳಬೇಡ' ಎನ್ನುತ್ತಿದ್ದ. ಹೋದ ಹನ್ನೊಂದು ಊರುಗಳಲ್ಲಿ ಬಂದವನಿಗೆ ಉಣಿಸಿದ ಕೈ ಅದೊಂದೇ.

ಬಂದವನ ಎದೆಯಲ್ಲಿ ಒಂದು ಆಸೆ ಬೇರು ಬಿಟ್ಟಿತ್ತು. ಒಂದು ಸಲ ಗೆಲ್ಲಬೇಕು. ಗೆದ್ದರೆ ಮುಸುಕಿನ ಹೊರಗೆ ನಿಲ್ಲಬಹುದು. ಹೊರಗೆ ನಿಂತರೆ, ಮೊದಲ ಏಟು ಹಾಕುವವನು ಯಾರು ಎಂದು ಕಣ್ಣಾರೆ ನೋಡಬಹುದು. ಮನೆಗೊಂದು ಏಟು ಎಂಬುದು ಕಟ್ಟಳೆ. ಅದರ ಮೇಲೆ ಸಿಟ್ಟಿಲ್ಲ. ಆದರೆ ಇಡೀ ಮೈಯಲ್ಲಿ ಮೊಣಕಾಲನ್ನು ಆರಿಸಿದವನು ಒಬ್ಬನಿದ್ದಾನೆ. ಪಕ್ಕೆಲುಬನ್ನು ಆರಿಸಿದವನು ಒಬ್ಬನಿದ್ದಾನೆ. ದವಡೆಯನ್ನು ಆರಿಸಿದವನು ಒಬ್ಬನಿದ್ದಾನೆ. ಅಂಥವನ ಮುಖ ಹೇಗಿರುತ್ತದೆ? ಒಮ್ಮೆ ನೋಡಿ, ಆ ಕೈಯನ್ನು ಮುರಿದು, ಆಮೇಲೆ ಏನಾದರೂ ಆಗಲಿ.

ಯಾವ ಊರಿನಲ್ಲಿ ಕೇಳಿದರೂ ಯಾರೂ ಹೇಳುತ್ತಿರಲಿಲ್ಲ. ಸೋತವರಿಗೆ ಅದನ್ನು ಹೇಳಬಾರದು.

ಹುಟ್ಟಿದ ಊರೂ ಸೇರಿ ಹನ್ನೆರಡನೆಯದು ಕಲ್ಲಿನ ಊರು. ಮುನ್ನೂರು ಮನೆ, ಎಲ್ಲರೂ ಬಂಡೆ ಒಡೆಯುವವರು. ಅಲ್ಲಿ ಅವನ ತೊಡೆಯ ಹಿಂಭಾಗಕ್ಕೆ ಹೊಡೆದರು. ನಡುಹಗಲಿಗೆ ಶುರುವಾದದ್ದು ಇಳಿಹೊತ್ತಿಗೆ ಮುಗಿಯಿತು. ಆ ತೊಡೆಯಲ್ಲಿ ಈಗ ಮಾಂಸವಿರಲಿಲ್ಲ, ಹಲಗೆಯಿತ್ತು.

ಆಟದ ಹಿಂದಿನ ದಿನ ಮೂಳೆ ಕಟ್ಟುವ ಅಜ್ಜಿ ಆ ಹಲಗೆಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು.

'ನಿನ್ನ ಮೈಯಲ್ಲಿ ನನಗೆ ಕಟ್ಟೋಕೆ ಜಾಗ ಉಳಿದಿಲ್ಲ ಮಗಾ. ಹಳೇ ಕೌದಿ ಆಗಿದ್ದೀಯ. ಹೊಲಿಗೆ ಮೇಲೆ ಹೊಲಿಗೆ.'

'ಇನ್ನೊಂದು ಊರು ತಡೀತೀನಾ ಅಜ್ಜಿ?'

'ಹತ್ತು ಮನೆ ಊರಾದರೆ ತಡೀತೀಯ. ನಾಳೆ ಬರೋರು ಉಪ್ಪಿನ ಊರಿನೋರು. ಅಲ್ಲಿ ಎಷ್ಟು ಮನೆ ಗೊತ್ತಾ?'

'ಇಲ್ಲ.'

'ನನಗೆ ಗೊತ್ತು. ಕೇಳಬೇಡ.'

ಅವಳು ಇನ್ನಷ್ಟು ಎಣ್ಣೆ ಹುಯ್ದಳು. 'ಎಲ್ಲರೂ ಜಾಗ ಜಾಗ ಅಂತಾರೆ. ಮಂಡಿಗೆ ಹೊಡೆದರಾ, ಬೆನ್ನಿಗೆ ಹೊಡೆದರಾ ಅಂತ. ಜಾಗದಲ್ಲಿ ಏನಿದೆ? ಎಷ್ಟು ಕೈ ಅನ್ನೋದನ್ನ ನೋಡಬೇಕು. ಹೂವಲ್ಲಿ ಮುನ್ನೂರು ಸಲ ಹೊಡೆದರೂ ಚರ್ಮ ಏಳುತ್ತೆ.'

'ಮೊದಲನೇ ಏಟು ಯಾರು ಹಾಕ್ತಾರೆ ಅಜ್ಜಿ?'

ಅವಳ ಕೈ ನಿಂತಿತು. 'ಗೆದ್ದವರನ್ನ ಕೇಳು.'

'ನೀವೆಲ್ಲ ಗೆದ್ದವರೇ ಅಲ್ವಾ?'

'ಹೌದಪ್ಪ. ನಿನ್ನನ್ನು ಹೊಡೆಯೋ ಸಾಲಲ್ಲಿ ನಾನೂ ನಿಂತಿದ್ದೆ. ನನ್ನ ಮನೆ ಏಟು ನಾನೇ ಹಾಕಿದ್ದು. ಹಾಕಿ ಬಂದು ನಿನಗೆ ಎಣ್ಣೆ ಕಾಯಿಸೋಕೆ ಇಟ್ಟೆ.' ಮತ್ತೆ ತಿಕ್ಕತೊಡಗಿದಳು. 'ಮಗ್ಗುಲಾಗು.'

ಮರುದಿನ ಬಿಸಿಲು ಕಂಬಕ್ಕೆ ತಾಗಿತು. ಉಪ್ಪಿನ ಊರಿನ ಐವರು ಬಿಳಿ ಅಂಗಿ ತೊಟ್ಟು ಸಾಲಾಗಿ ನಿಂತರು. ಐದನೆಯವನ ಅಂಗಿ ಹೊಸದು, ಇನ್ನೂ ಗಂಜಿಯ ಮಡಿಕೆ ಬಿಟ್ಟಿರಲಿಲ್ಲ. ಅವನು ಎಡಗೈಯಲ್ಲಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಬಂದವನು ನೋಡಿದ. ಎಡಚ.

ಐದು ವರ್ಷದಲ್ಲಿ ಅವನೂ ಹೊಲಿಗೆ ಹಾಕಿದ ಕೌದಿಯಾಗಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ನಗು ಮಾತ್ರ ಹಾಗೆಯೇ ಇತ್ತು.

'ಇನ್ನೂ ಬದುಕಿದ್ದೀಯೇನೋ ರಾಜ?'

'ನೀನು?'

'ಇವತ್ತಿನವರೆಗೆ.'

ಬಂದವನಿಗೆ ಲೆಕ್ಕ ಸ್ಪಷ್ಟವಾಗಿತ್ತು. ಅಲ್ಲಿ ಕೊನೆಗೆ ಅಂಗಿ ತೊಟ್ಟವನು ಎಡಚ. ಇಲ್ಲಿ ಕೊನೆಗೆ ಅಂಗಿ ತೊಟ್ಟವನು ತಾನು. ಸಾಯುವ ಆಟ ಹತ್ತು ಜನರದ್ದಲ್ಲ, ಇಬ್ಬರದು. ನೆರಳು ಬುಡಕ್ಕೆ ಬಂದಾಗ ಇಬ್ಬರಲ್ಲಿ ಒಬ್ಬನ ತಲೆಯ ಮೇಲೆ ಅಂಗಿ ಬರುತ್ತದೆ.

ಆಟ ಶುರುವಾಯಿತು. ಮೊದಲ ಚೆಂಡಿಗೇ ಕಲ್ಲಿನ ಊರಿನ ಒಬ್ಬನ ಮೂಗು ಒಡೆಯಿತು. ಅವನು ರಕ್ತ ಉಗುಳಿ ನಿಂತಲ್ಲೇ ನಿಂತ. ಉಪ್ಪಿನವರ ಒಬ್ಬನನ್ನು ಕಂಬಕ್ಕೆ ಅಪ್ಪಳಿಸಿದರು. ಕಂಬ ನಡುಗಿತು, ಬಳೆ ನಡುಗಿತು, ಅವನ ಕಿವಿಯಿಂದ ಸಣ್ಣ ಗೆರೆಯಂತೆ ರಕ್ತ ಇಳಿಯಿತು. ಚೆಂಡಿಗೆ ರಕ್ತ ಹತ್ತಿ ಜಾರತೊಡಗಿದಾಗ ಮಣ್ಣಿನಲ್ಲಿ ಉರುಳಿಸಿ ಮತ್ತೆ ಆಡಿದರು. ಸುತ್ತ ಮುನ್ನೂರು ಮನೆಯ ಜನ ಕೂಗುತ್ತಿದ್ದರು. 'ಮೊಣಕೈ ಹಾಕೋ! ಹಲ್ಲು ಎಣಿಸಿಕೊಡೋ!' ಒಬ್ಬ ಮುದುಕ ಮಾತ್ರ ಉದ್ದಕ್ಕೂ 'ಚೆಂಡು ನೋಡ್ರೋ, ಚೆಂಡು ನೋಡ್ರೋ' ಎನ್ನುತ್ತಿದ್ದ. ಅವನ ಮಾತನ್ನು ಯಾರೂ ಕೇಳಲಿಲ್ಲ.

ಬಂದವನೂ ಎಡಚನೂ ಎದುರೆದುರು ಬಿದ್ದರು. ಎಡಚನ ಮೊಣಕೈ ಬಂದವನ ಅರ್ಧ ಉಸಿರನ್ನೂ ಕಿತ್ತಿತು. ಬಂದವನ ತಲೆ ಎಡಚನ ಹುಬ್ಬು ಸೀಳಿತು. ಒಬ್ಬರನ್ನೊಬ್ಬರು ತಬ್ಬಿ ನೆಲಕ್ಕೆ ಉರುಳಿದಾಗ ಎಡಚನ ಬಾಯಿ ಅವನ ಕಿವಿಯ ಹತ್ತಿರ ಬಂತು.

'ಗೆಲ್ಲಬೇಡ ಕಣೋ.'

'ನೀನು ಸಾಯಬಾರದು ಅಂತ ನಾನು ಸಾಯಲಾ?'

'ಅದಲ್ಲ. ಸೋಲೋದು ಸುಲಭ. ನೀನು ಇನ್ನೂ ಗೆದ್ದು ನೋಡಿಲ್ಲ.'

ಬಂದವನು ಅವನನ್ನು ತಳ್ಳಿ ಎದ್ದ. ಹೆದರಿದವನ ಮಾತು ಅಂದುಕೊಂಡ.

ನೆರಳು ಬುಡಕ್ಕೆ ಒಂದು ಗೇಣು ದೂರವಿತ್ತು. ಎರಡೂ ಕಡೆ ಸಮ. ಕಲ್ಲಿನ ಊರಿನ ಉದ್ದನೆಯವನು ಚೆಂಡು ಹಿಡಿದು ಸುತ್ತ ನೋಡಿದ. ಅವನಿಗೆ ಎದುರಾಗಿ ಮೂವರು ನಿಂತಿದ್ದರು. ಬಳೆಯ ಕೆಳಗೆ ಬಂದವನೊಬ್ಬನೇ ಖಾಲಿ ಇದ್ದ. ಒಂದು ವರ್ಷದಲ್ಲಿ ಉದ್ದನೆಯವನು ಅವನಿಗೆ ಮನಸ್ಸಿಟ್ಟು ಚೆಂಡು ಕೊಟ್ಟದ್ದೇ ಇಲ್ಲ. ಕಣ್ಣು ತಪ್ಪಿಸಿ ಕೊಡುತ್ತಿದ್ದ. ಈಗಲೂ ಕಣ್ಣು ತಪ್ಪಿಸಿಯೇ ಕೊಟ್ಟ. ಬಂದವನು ಹಾರಿದ. ಎಡಚ ಹಿಂದಿನಿಂದ ಬಂದು ಅವನ ಮೊಣಕಾಲಿಗೆ ಒದ್ದ. ಮೊಣಕಾಲು ಸುಣ್ಣದ ಊರನ್ನು ನೆನೆದು ಕಿರುಚಿತು. ಚೆಂಡು ಆಗಲೇ ಬೆರಳು ಬಿಟ್ಟಿತ್ತು. ಅಂಚು ಸೋಕದೆ ಇಳಿಯಿತು. ನೆರಳು ಬುಡಕ್ಕೆ ಬಂದು ಕೂತಿತು.

ಗೆಲುವು ಹೀಗಿರುತ್ತದೆ ಎಂದು ಬಂದವನಿಗೆ ಗೊತ್ತಿರಲಿಲ್ಲ. ಜನ ಅವನನ್ನು ಹೆಗಲ ಮೇಲೆ ಎತ್ತಿದರು, ತಲೆಯ ಮೇಲೆ ನೀರು ಸುರಿದರು, ಬೆವರಿದ ಹಣೆಗೆ ಮುತ್ತಿಟ್ಟರು. ಹೆಗಲ ಮೇಲಿಂದಲೇ ಅವನು ನೋಡಿದ: ಎಡಚನನ್ನು ಬಳೆಯ ಕೆಳಗೆ ನಿಲ್ಲಿಸುತ್ತಿದ್ದರು. ಬಿಳಿ ಅಂಗಿಯನ್ನು ಬೆನ್ನಿನಿಂದ ತಲೆಯ ಮೇಲೆ ಎಳೆದರು. ತೋಳುಗಳನ್ನು ಕುತ್ತಿಗೆಗೆ ಬಿಗಿದರು. ಮನೆಗೊಬ್ಬರಂತೆ ಸಾಲು ನಿಂತರು. ಸಾಲು ಕಂಬದಿಂದ ಹೊರಟು ಓಣಿ ದಾಟಿ ಬಂಡೆಗಳ ಹಿಂದೆ ಮರೆಯಾಗಿತ್ತು.

ಸಾಲಿನ ಮೊದಲ ಜಾಗ ಖಾಲಿ ಇತ್ತು.

ಬಂದವನು ಉಸಿರು ಬಿಗಿ ಹಿಡಿದು ಆ ಖಾಲಿ ಜಾಗವನ್ನೇ ನೋಡುತ್ತಿದ್ದ. ಹನ್ನೊಂದು ವರ್ಷ ಕಾದದ್ದು ಈ ಹೊತ್ತಿಗೆ. ಯಾರು ಬಂದು ನಿಲ್ಲುತ್ತಾರೆ?

ಅವನನ್ನು ಹೆಗಲಿನಿಂದ ಇಳಿಸಿದರು. ಊರ ಹಿರಿಯ ಅವನ ಮೊಣಕೈ ಹಿಡಿದ.

'ಬಾ ಮಗಾ.'

'ಎಲ್ಲಿಗೆ?'

'ಮೊದಲ ಏಟು ನಿಂದು.'

'ನಂದಾ?'

'ಮತ್ತೆ ಯಾರದು? ಈ ಊರಿನ ಅಂಗಿ ಕೊನೆಗೆ ತೊಟ್ಟವನು ನೀನಲ್ಲವಾ? ಹೋದ ವರ್ಷ ಅವನು ಹಾಕಿದ.' ಹಿರಿಯ ಉದ್ದನೆಯವನ ಕಡೆ ಕೈ ತೋರಿಸಿದ. ಉದ್ದನೆಯವನು ನೆಲ ನೋಡುತ್ತಿದ್ದ. 'ಇದನ್ನು ಹಾಕಿದ ಮೇಲೆ ನೀನು ಪೂರ್ತಿ ನಮ್ಮವನು. ಆಮೇಲೆ ನಿನ್ನನ್ನು ಯಾರೂ ಬಂದವನು ಅನ್ನೋ ಹಾಗಿಲ್ಲ. ಸತ್ತರೆ ಇಲ್ಲೇ ಹೂಳ್ತೀವಿ, ಬಳೆ ಕಾಣೋ ಕಡೆ.'

'ಹಾಕದಿದ್ದರೆ?'

'ಹಾಕದವನು ಯಾರೂ ಇಲ್ಲ' ಎಂದ ಹಿರಿಯ, ಅದು ಉತ್ತರವೆಂಬಂತೆ.

ಬಂದವನು ಸಾಲಿನ ಮೊದಲ ಜಾಗಕ್ಕೆ ಹೋಗಿ ನಿಂತ. ಎದುರಿಗೆ ಮುಖವಿಲ್ಲದ ಬಿಳಿ ಬಟ್ಟೆ. ಉಸಿರಾಡಿದಾಗ ಬಾಯಿ ಇದ್ದ ಕಡೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಅವನ ಬಲಗೈ ತಾನಾಗಿ ಮೇಲೆದ್ದಿತು. ಎದ್ದ ಕೈ ಎದುರಿನವನ ಎಡ ದವಡೆಯ ಪಕ್ಕಕ್ಕೆ ಬಂದು ನಿಂತಿತು. ಎದುರು ನಿಂತವನ ಬಲಗೈ ಬೀಳುವುದು ಎಡ ದವಡೆಗೆ. ಬಲ ದವಡೆಗೆ ಬೀಳುವುದು ಎಡಗೈ. ಆಗ ಅವನ ಹಲ್ಲಿಲ್ಲದ ಬಲ ದವಡೆ ಜುಮ್ಮೆಂದಿತು.

'ಹಗ್ಗದ ಊರಲ್ಲಿ...' ಎಂದ. ಮುಸುಕಿನವನೊಡನೆ ಮಾತಾಡುವಂತಿರಲಿಲ್ಲ. ಹಿಂದಿದ್ದವರು ಗುಸುಗುಸು ಮಾಡಿದರು. 'ಹಗ್ಗದ ಊರಲ್ಲಿ ನೀನಾ?'

ಬಟ್ಟೆ ಒಳಗೆ ಹೋಯಿತು, ಹೊರಗೆ ಬಂತು.

'ಹೂಂ.'

'ಯಾಕೋ ದವಡೆ?'

'ಆಡೋದಕ್ಕೆ ದವಡೆ ಬೇಕಾಗಲ್ಲವಲ್ಲೋ ರಾಜ. ಮಂಡಿ ಬೇಕು, ಕೈ ಬೇಕು, ಉಸಿರು ಬೇಕು. ಆ ದಿನ ನಿನ್ನ ಮೈ ನೋಡ್ತಾ ನಿಂತೆ. ಏನು ಹೋದರೆ ನೀನು ಉಳೀತೀಯ ಅಂತ. ಅದೊಂದೇ ಹೊಳೀತು. ಅದಕ್ಕೇ ಗೆಲ್ಲಬೇಡ ಅಂದೆ. ಬೇಗ ಹಾಕು. ಬಿಸಿಲು' ಎಂದ.

ಆ ಕೈಯನ್ನು ಮುರಿಯಬೇಕೆಂದು ಬಂದವನು ಐದು ವರ್ಷ ಹಲ್ಲು ಕಚ್ಚಿದ್ದ, ಉಳಿದ ಹಲ್ಲುಗಳನ್ನು. ಅನ್ನ ಕಿವುಚಿದ ಕೈಯೂ ಅದೇ. ಹೊಡೆದ ಕೈಯೂ ಅದೇ. ಅವನು ಆ ಕೈಯನ್ನು ನೋಡಿದ. ಅದು ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿತ್ತು, ಬೆರಳುಗಳು ಚೆಂಡು ಹಿಡಿದ ಹಾಗೆ ಸ್ವಲ್ಪ ಬಾಗಿದ್ದವು.

ದವಡೆಗೆ ಹೊಡೆದ.

ದಯೆಯಿಂದ ಹೊಡೆದನೋ ಸೇಡಿನಿಂದ ಹೊಡೆದನೋ ಅವನಿಗೇ ತಿಳಿಯಲಿಲ್ಲ. ಒಂದೇ ಏಟಿನಲ್ಲಿ ಎರಡೂ ಇದ್ದವು. ಬಿಳಿ ಬಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು. 'ನಮ್ಮವನು!' ಎಂದು ಊರು ಕೂಗಿತು. ಆ ಕೂಗು ಎಡಚನಿಗಲ್ಲ, ಅವನಿಗೆ.

ಎರಡನೆಯ ಮನೆ ಬಂತು. ದವಡೆಗೆ ಹೊಡೆಯಿತು. ಮೂರನೆಯ ಮನೆ ಬಂತು. ದವಡೆಗೆ ಹೊಡೆಯಿತು. ಬಂಡೆ ಒಡೆದು ಬಂಡೆಯಾದ ಕೈಗಳು, ಒಂದರ ಹಿಂದೆ ಒಂದು. ನಲವತ್ತನೆಯ ಮನೆ ಹೊಡೆದು ಪಕ್ಕಕ್ಕೆ ಸರಿದಾಗ ಬಂದವನು ಹೆಜ್ಜೆ ಮುಂದಿಟ್ಟ, ಎಲ್ಲ ಮುಗಿಯಿತು ಎಂಬಂತೆ, ಎಡಚನನ್ನು ಹಿಡಿದುಕೊಳ್ಳಲು ಕೈ ಚಾಚಿ. ಆಗ ನಲವತ್ತೊಂದನೆಯ ಮನೆ ಬಂತು.

ಅವನು ತಿರುಗಿ ಸಾಲನ್ನು ನೋಡಿದ. ಅದು ಓಣಿ ದಾಟಿ ಬಂಡೆಗಳ ಹಿಂದೆ ಮರೆಯಾಗಿತ್ತು. ನಲವತ್ತು ಮನೆಯ ಊರಿನ ದಯೆಯನ್ನು ಅವನು ಮುನ್ನೂರು ಮನೆಯ ಊರಿಗೆ ತಂದಿದ್ದ.

'ನಿಲ್ಲಿಸಿ' ಎಂದ. 'ತೊಡೆಗೆ ಹಾಕಿ. ಜಾಗ ತಪ್ಪಿದೆ, ತೊಡೆಗೆ ಹಾಕಿ.'

'ಮೊದಲ ಏಟು ಬಿದ್ದಾಯಿತಲ್ಲಪ್ಪ' ಎಂದರು ಸಾಲಿನವರು, ತುಸು ನಾಚಿಕೆಯಿಂದ, ದಾರಿ ಬಿಡು ಎಂಬಂತೆ. ಮೂಳೆ ಕಟ್ಟುವ ಅಜ್ಜಿಯ ಸರದಿ ಬಂದಾಗ ಅವಳು ಬಂದವನ ಮುಖ ನೋಡಿದಳು. 'ಎಷ್ಟು ಕೈ ಅಂತ ನೋಡು ಅಂದಿದ್ದೆ' ಎಂದಳು. ಆಮೇಲೆ ತನ್ನ ಮನೆಯ ಏಟು ಹಾಕಿ, ಎಣ್ಣೆ ಕಾಯಿಸಲು ಬೇಗಬೇಗ ಮನೆಯ ಕಡೆ ನಡೆದಳು.

ನೂರರ ಹೊತ್ತಿಗೆ ಬಟ್ಟೆಯಲ್ಲಿ ಬಿಳಿ ಉಳಿದಿರಲಿಲ್ಲ. ಇನ್ನೂರರ ಹೊತ್ತಿಗೆ ಇಬ್ಬರು ಎಡಚನನ್ನು ಕಂಕುಳಲ್ಲಿ ಹಿಡಿದು ನಿಲ್ಲಿಸಬೇಕಾಯಿತು. ಆ ಇಬ್ಬರಲ್ಲಿ ಒಬ್ಬ ಬಂದವನೇ. ಒಂದೊಂದು ಏಟೂ ಆ ಮೈಯಿಂದ ತನ್ನ ಮೈಗೆ ಬರುವುದನ್ನು ಅವನು ತಾಳಿಕೊಂಡ. ಮುನ್ನೂರನೆಯ ಮನೆ ಹೊಡೆಯಿತು. ಮುಸುಕು ಬಿಚ್ಚಲು ಬರಲಿಲ್ಲ. ಬಟ್ಟೆಯೂ ಮುಖವೂ ಒಂದಾಗಿದ್ದವು. ನೀರು ಹಾಕಿ ನೆನೆಸಿ ಬಿಡಿಸಿದರು.

ಎಡಚ ಸಾಯಲಿಲ್ಲ. ಅವನ ಮುಖದ ಕೆಳಗಿನ ಅರ್ಧ ಇರಲಿಲ್ಲ, ಅಷ್ಟೇ. ಅಜ್ಜಿ ಅದನ್ನು ಕಟ್ಟಿದಳು. ಬಂದವನು ದಿನವೂ ಹೋಗಿ ಅನ್ನ ಕಿವುಚಿ, ತೆಳ್ಳಗೆ ಸೋಸಿ, ಬಟ್ಟೆಯ ತುದಿ ಅದ್ದಿ, ಹನಿಹನಿಯಾಗಿ ಬಿಡುತ್ತಿದ್ದ. 'ನುಂಗೋ ರಾಜ' ಎನ್ನಲು ಬಾಯಿ ಬರಲಿಲ್ಲ. ಎಡಚನ ಒಂದು ಕಣ್ಣು ಅವನನ್ನೇ ನೋಡುತ್ತಿತ್ತು. ಆ ಕಣ್ಣಲ್ಲಿ ಏನಿದೆ ಎಂದು ತಿಳಿಯುತ್ತಿರಲಿಲ್ಲ. ಬಂದವನು ಮುಸುಕಿನೊಳಗಿನ ಕತ್ತಲೆಯನ್ನು ಬಲ್ಲವನು. ಮುಸುಕಿಲ್ಲದ ಕಣ್ಣನ್ನು ಓದಲು ಅವನು ಕಲಿತಿರಲಿಲ್ಲ.

ಒಂದು ದಿನ ಹಿರಿಯ ಬಂದು ಅವನನ್ನು ಹೊರಗೆ ಕರೆದ.

'ಮುಸುಕಿನವನ ಹತ್ತಿರ ಮಾತಾಡಿದೆ. ಮಾತಾಡಬಾರದಿತ್ತು. ಹೊಡೆದದ್ದು ನೀನು ಅಂತ ಅವನಿಗೆ ಗೊತ್ತು.'

'ಮೊದಲೇ ಗೊತ್ತಿತ್ತು ಅವನಿಗೆ.'

'ಊರಿಗೆ ಕೇಳಿಸೋ ಹಾಗೆ ಗೊತ್ತಾಯಿತಲ್ಲ. ಇನ್ನು ಅವನು ನಿನಗೆ ಚೆಂಡು ಕೊಡಲಾರ. ಅವನೊಬ್ಬ ಕೊಡದಿದ್ದರೆ ನಾಳೆ ಇನ್ನೊಬ್ಬ ಕೊಡಲ್ಲ.' ಹಿರಿಯ ತಲೆ ಕೆರೆದುಕೊಂಡ, ಕೆಟ್ಟ ಮನುಷ್ಯನೇನಲ್ಲ. 'ಅವನು ಎದ್ದು ನಿಂತ ದಿನ ನೋಡ್ತೀವಿ. ಕೊಡದಿದ್ದರೆ ನಿನ್ನನ್ನು ಬಳೆ ಕಾಣದ ಬಯಲಿಗೆ ಬಿಟ್ಟು ಬರಬೇಕಾಗುತ್ತೆ. ನಮ್ಮವನೇ ಆಗಿದ್ದರೂ ಸರಿ.'

ಎಡಚ ಎದ್ದು ನಿಂತ ದಿನ ಊರೆಲ್ಲ ಬಂತು. ಸಾಲು ನಿಂತವರೇ ಈಗ ಸುತ್ತ ನಿಂತರು. ಎಡಚ ಕಲ್ಲಿನ ಊರಿನ ಹೊಸ ಅಂಗಿ ತೊಟ್ಟಿದ್ದ. ಕಣ್ಣಿನಿಂದ ಕೆಳಗೆ ಕುತ್ತಿಗೆಯವರೆಗೂ ಪಟ್ಟಿ. ಹಿರಿಯ ಚೆಂಡನ್ನು ಅವನ ಎಡಗೈಗೆ ಇಟ್ಟ. ಉದ್ದನೆಯವನು ಒಂದು ಪಕ್ಕ ಕೈ ಒಡ್ಡಿ ನಿಂತ. ಇನ್ನಿಬ್ಬರು ಇನ್ನೊಂದು ಪಕ್ಕ. ಬಂದವನನ್ನು ಬಳೆಯ ಕೆಳಗೆ ನಿಲ್ಲಿಸಿದರು, ಹನ್ನೊಂದು ಸಲ ಮುಸುಕು ಹಾಕಿಸಿಕೊಂಡು ನಿಂತಿದ್ದ ಅಂಥದೇ ಜಾಗದಲ್ಲಿ. ಈಗ ಮುಸುಕಿರಲಿಲ್ಲ. ಅವನು ಎರಡೂ ಕೈ ಮುಂದೆ ಒಡ್ಡಿದ. ಕೆಳಗಿಳಿಸಿ, ಒರೆಸಿಕೊಂಡು, ಮತ್ತೆ ಒಡ್ಡಿದ.

ಎಡಚ ಚೆಂಡನ್ನು ನೆಲಕ್ಕೆ ಒಮ್ಮೆ ತಟ್ಟಿದ. ಇನ್ನೊಮ್ಮೆ ತಟ್ಟಿದ. ಉದ್ದನೆಯವನ ಕಡೆ ನೋಡಿದ. ಆ ಇಬ್ಬರ ಕಡೆ ನೋಡಿದ. ಆಮೇಲೆ ಬಂದವನ ಕಡೆ ತಿರುಗಿ, ಒಂದೇ ಕಣ್ಣಿನಿಂದ ಅವನ ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡುತ್ತಾ ನಿಂತ. ಮೊಣಕಾಲು ನೋಡಿದ, ಪಕ್ಕೆಲುಬು ನೋಡಿದ, ದವಡೆ ನೋಡಿದ.

ಚೆಂಡು ಬಂತು.

ಹಗ್ಗದ ಊರಿನಲ್ಲಿ ಎಡಚನ ಕೈಯಿಂದ ಬರುತ್ತಿದ್ದ ಹಾಗೆ ಮೆತ್ತಗೆ ಬರಲಿಲ್ಲ. ಅಂಗೈ ಸೀಳುವಷ್ಟು, ಎರಡು ಹೆಜ್ಜೆ ಹಿಂದಕ್ಕೆ ತಳ್ಳುವಷ್ಟು ಜೋರಾಗಿ ಬಂತು. ಎದೆಗೆ ಬಡಿದು ಗಾಣದ ಊರಿನ ಮೂಳೆಗಳೆಲ್ಲ ಮತ್ತೊಮ್ಮೆ ಕಿರುಗುಟ್ಟಿದವು. ಬಂದವನು ಬೀಳಲಿಲ್ಲ. ಚೆಂಡನ್ನು ಬಿಡಲೂ ಇಲ್ಲ. ಎರಡೂ ತೋಳಿನಿಂದ ಅದನ್ನು ಅವುಚಿಕೊಂಡು, ಉಸಿರು ಬರುವುದನ್ನು ಕಾಯುತ್ತಾ ಬಳೆಯ ಕೆಳಗೆ ನಿಂತ.